ಗಡ್ಡದ ಬುಡಕ್ಕೆ ವಿದ್ಯುತ್ತು

ಖಾನಾಪುರ ತಾಲೂಕಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಒಂದು ಪ್ರಶ್ನೆ ಕೇಳಿದ್ದಾರೆ. ಅವರ ಮಗನಿಗೆ ಗಡ್ಡ ಬಹಳ ದಟ್ಟ. ಬೆಳಿಗ್ಗೆ ದಾಡಿ ಮಾಡಿದರೆ ಸಂಜೆಯೊಳಗೆ ಗದ್ದ ಕಪ್ಪಾಗುತ್ತದೆ. ಕುತ್ತಿಗೆಯ ಮೇಲೆ ಕೂದಲು ಒಳಮುಖವಾಗಿ ಬೆಳೆದು ಗುಳ್ಳೆಗಳೇಳುತ್ತವೆ. ವಿದ್ಯುತ್ ಸೂಜಿಯಿಂದ ಗಡ್ಡವನ್ನು ಶಾಶ್ವತವಾಗಿ ತೆಳುವಾಗಿಸಬಹುದಂತೆ, ಇದು ನಿಜವೇ, ಈಗ ಬಂದ ಹೊಸ ವಿದ್ಯೆಯೇ, ನಂಬಬಹುದೇ ಎಂಬುದು ಅವರ ಪ್ರಶ್ನೆ. ನಿಜವೇ ಎಂದರೆ, ನಿಜ. ಹೊಸದೇ ಎಂದರೆ, ಅಲ್ಲ; ಅದು ಹುಟ್ಟಿ ಒಂದೂವರೆ ಶತಮಾನವಾಯಿತು. ನಂಬುವ ಮಾತು ಮಾತ್ರ ಒಂದೇ ವಾಕ್ಯದಲ್ಲಿ ಮುಗಿಯುವಂಥದಲ್ಲ. ಪತ್ರದಲ್ಲಿ ಬರೆಯುವುದಕ್ಕಿಂತ ಎಲ್ಲರಿಗೂ ಇಲ್ಲಿಯೇ ಬರೆಯೋಣವೆನಿಸಿತು.

ಗಡ್ಡದ ವಿಚಾರ ನಮ್ಮ ನೆಲದಲ್ಲಿ ಬಹಳ ಹಳೆಯದು. ಖಾನಾಪುರ ತಾಲೂಕಿನ ಹಲಸಿಯು ಕದಂಬರ ಕಾಲದ ಪಲಾಶಿಕೆಯೆಂಬುದನ್ನು ನೀವು ಬಲ್ಲಿರಿ. 5ನೆಯ ಶತಮಾನದಲ್ಲಿ ಆಳಿದ ಮೃಗೇಶವರ್ಮನು ಅಲ್ಲಿ ತಂದೆಯ ಹೆಸರಿನಲ್ಲಿ ಜಿನಾಲಯ ಕಟ್ಟಿಸಿ, ಯಾಪನೀಯ, ನಿರ್ಗ್ರಂಥ, ಕೂರ್ಚಕ ಎಂಬ ಮೂರು ಜೈನ ಸಂಘಗಳಿಗೆ ಭೂಮಿಯನ್ನು ದಾನಕೊಟ್ಟುದು ಹಲಸಿಯ ತಾಮ್ರಪಟದಲ್ಲಿದೆ. ಸಂಸ್ಕೃತದಲ್ಲಿ ಕೂರ್ಚವೆಂದರೆ ಗಡ್ಡ. ಕೂರ್ಚಕರು ಗಡ್ಡ ಬಿಟ್ಟ ಯತಿಗಳಾಗಿದ್ದಿರಬೇಕೆಂದು ವಿದ್ವಾಂಸರು ಊಹಿಸಿದ್ದಾರೆ. ಗಡ್ಡದಿಂದಲೇ ಹೆಸರು ಪಡೆದ ಒಂದು ಸಂಘ ನಮ್ಮ ಖಾನಾಪುರದ ಕಾಡಿನಂಚಿನಲ್ಲಿ ರಾಜದಾನ ಪಡೆದಿತ್ತೆಂಬುದು ಸಣ್ಣ ಸಂಗತಿಯಲ್ಲ.

ಇದಕ್ಕೆ ವಿರುದ್ಧವಾದುದು ದಿಗಂಬರ ಮುನಿಗಳ ಕೇಶಲೋಚನ. 1204ರ ಕಮಲ ಬಸದಿಯುಳ್ಳ ಬೆಳಗಾವಿಯಲ್ಲಿ, ಸುತ್ತಲಿನ ಹಳ್ಳಿಗಳಲ್ಲಿ, ಇದನ್ನು ಕಣ್ಣಾರೆ ಕಂಡವರು ನಿಮ್ಮಲ್ಲಿ ಅನೇಕರಿರಬಹುದು. ತಲೆ, ಗಡ್ಡ, ಮೀಸೆಗಳ ಕೂದಲನ್ನು ಬರಿಗೈಯಿಂದ ಕಿತ್ತುಕೊಳ್ಳುವ ಈ ವ್ರತವು ಎರಡರಿಂದ ನಾಲ್ಕು ತಿಂಗಳಿಗೊಮ್ಮೆ ನಡೆಯಬೇಕು. ಅವರಿಗೆ ಅದು ದೇಹಮಮತೆಯನ್ನು ಕಳೆಯುವ ತಪಸ್ಸು. ಅಂದಚಂದದ ಮಾತು ಅಲ್ಲಿಲ್ಲ. ನಾನದನ್ನು ನೆನೆದದ್ದು ಬೇರೆ ಕಾರಣಕ್ಕೆ. ಕಿತ್ತ ಕೂದಲು ಮತ್ತೆ ಬರುತ್ತದೆ. ಬರುವುದರಿಂದಲೇ ವ್ರತ ಜೀವನಪರ್ಯಂತ ಮುಂದುವರಿಯುತ್ತದೆ. ಕೂದಲು ಬೆಳೆಯುವುದು ಚರ್ಮದೊಳಗಿನ ರೋಮಕೂಪದಿಂದ. ಆ ಕೂಪದ ತಳದಲ್ಲಿ ರಕ್ತನಾಳಗಳಿಂದ ಆಹಾರ ಪಡೆಯುವ ಒಂದು ಪುಟ್ಟ ಗಂಟು ಇದೆ, ಕೂದಲನ್ನು ಮತ್ತೆ ಹುಟ್ಟಿಸಬಲ್ಲ ಜೀವಕೋಶಗಳಿವೆ. ಎಷ್ಟು ಬಲವಾಗಿ ಕಿತ್ತರೂ ಅವು ಉಳಿದುಕೊಳ್ಳುತ್ತವೆ. ಗರಿಕೆಯನ್ನು ಮೇಲೆ ಕಿತ್ತ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಬುಡವನ್ನೇ ಮುಟ್ಟುವ ಉಪಾಯ ಹುಟ್ಟಿದ್ದು ಗಡ್ಡಕ್ಕಾಗಿ ಅಲ್ಲ, ಕಣ್ಣಿಗಾಗಿ. ಅಮೆರಿಕದ ಸೇಂಟ್ ಲೂಯಿಸ್ ನಗರದ ನೇತ್ರವೈದ್ಯ ಚಾರ್ಲ್ಸ್ ಮಿಶೆಲ್ ಎಂಬವರು 1875ರಲ್ಲಿ ಅದನ್ನು ಪ್ರಕಟಿಸಿದರು. ರೆಪ್ಪೆಯ ಕೂದಲು ಒಳಕ್ಕೆ ತಿರುಗಿ ಕಣ್ಣುಗುಡ್ಡೆಯನ್ನು ಉಜ್ಜುತ್ತಿದ್ದರೆ ಕ್ರಮೇಣ ಕಣ್ಣೇ ಹೋಗುತ್ತದೆ. ಚಿಮಟದಿಂದ ಕಿತ್ತರೆ ಕೆಲವು ವಾರಗಳಲ್ಲಿ ಮತ್ತೆ ಮೊಳೆಯುತ್ತದೆ. ನಮ್ಮ ದೇಶದಲ್ಲಿ ಟ್ರಕೋಮಾ ರೋಗದಿಂದ ಇಂಥ ಯಾತನೆ ಪಟ್ಟವರಿಗೆ ಲೆಕ್ಕವಿರಲಿಲ್ಲ. 1963ರಲ್ಲಿ ಸರ್ಕಾರವು ಅದಕ್ಕಾಗಿಯೇ ರಾಷ್ಟ್ರೀಯ ಯೋಜನೆ ಆರಂಭಿಸಿತು, 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತದಲ್ಲಿ ಅದು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲವೆಂದು ಸಾರಿತು. ಮಿಶೆಲ್ ಮಾಡಿದ್ದು ಇಷ್ಟೇ: ಕೂದಲಿನ ಪಕ್ಕದಲ್ಲಿ ಸಪೂರ ಸೂಜಿಯನ್ನು ಬುಡದವರೆಗೆ ಇಳಿಸಿ, ಬ್ಯಾಟರಿಯ ಋಣ ತುದಿಯನ್ನು ಅದಕ್ಕೆ ಜೋಡಿಸಿದರು.

ಏಕೆ ಋಣ ತುದಿ? ನನ್ನ ವಿದ್ಯಾರ್ಥಿಗಳು ಪ್ರಯೋಗಾಲಯವನ್ನು ನೆನಪಿಸಿಕೊಳ್ಳಬೇಕು. ಉಪ್ಪುನೀರಿನಲ್ಲಿ ವಿದ್ಯುತ್ತು ಹರಿಸಿದರೆ ಧನ ತುದಿಯಲ್ಲಿ ಕ್ಲೋರಿನ್, ಋಣ ತುದಿಯಲ್ಲಿ ಹೈಡ್ರೋಜನ್. ಅಲ್ಲಿಯೇ ನೀರಿನಲ್ಲಿ ಕಾಸ್ಟಿಕ್ ಸೋಡ ಉಳಿಯುತ್ತದೆ. ಫಿನಾಫ್ತಲಿನ್ ಹನಿ ಹಾಕಿದಾಗ ಗುಲಾಬಿ ಬಣ್ಣ ಬಂದದ್ದು ಮರೆತಿರಲಾರಿರಿ. ನಮ್ಮ ಚರ್ಮದ ತೇವವೂ ಉಪ್ಪುನೀರೇ. ರೋಮಕೂಪದ ತಳದಲ್ಲಿ ಹುಟ್ಟುವ ಆ ಕ್ಷಾರದ ಕಣವು ಕೂದಲಿನ ಬುಡವನ್ನು ಕರಗಿಸಿಬಿಡುತ್ತದೆ. ತಂತಿ ಅದಲುಬದಲಾಗಿ ಸೂಜಿಯೇ ಧನ ತುದಿಯಾದರೆ, ಉಕ್ಕಿನ ಸೂಜಿಯಿಂದ ಕಬ್ಬಿಣದ ಅಂಶ ಬಿಟ್ಟು ಚರ್ಮದಲ್ಲಿ ಹಚ್ಚೆಯಂತೆ ಕಪ್ಪು ಕಲೆ ನಿಲ್ಲುತ್ತದೆ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಸಮೀಕರಣವೊಂದು ಒಬ್ಬರ ಮುಖದ ಮೇಲೆ ಕೆಲಸ ಮಾಡುವುದನ್ನು ನೋಡಿರಿ!

ಮಿಶೆಲ್ ಅವರ ಊರಿನವರೇ ಆದ ಚರ್ಮವೈದ್ಯ ಹಾರ್ಡವೇ ಕೆಲವೇ ವರ್ಷಗಳಲ್ಲಿ ಇದನ್ನು ಮುಖದ ಕೂದಲಿಗೆ ಬಳಸಿದರು. ಮುಂದಿನ ಚರಿತ್ರೆ ಹೆಚ್ಚಾಗಿ ಗಡ್ಡ ಬಂದ ಹೆಂಗಸರದು. ಗಂಡಸರಿಗೆ ಕಟಿಂಗ್ ಅಂಗಡಿ ಸಾಕೆಂದು ಎಲ್ಲರೂ ತಿಳಿದಿದ್ದರು. ತೊಡಕೊಂದಿತ್ತು: ಒಂದೊಂದು ಕೂದಲಿಗೆ ಒಂದೆರಡು ನಿಮಿಷವಾದರೂ ಬೇಕು. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಹುಟ್ಟಿದ 1916ರಲ್ಲೇ ನ್ಯೂಯಾರ್ಕಿನ ಪಾಲ್ ಕ್ರೀ ಏಕಕಾಲಕ್ಕೆ ಹಲವು ಸೂಜಿಗಳನ್ನು ಹೂಡುವ ಯಂತ್ರವನ್ನು ತಂದರು. ಗಾಂಧೀಜಿ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ 1924ರಲ್ಲಿ, ಫ್ರಾನ್ಸಿನ ಲಿಯೋನ್ ನಗರದ ಡಾ. ಬೋರ್ದಿಯೇ ಕ್ಷಾರದ ಬದಲು ಅಧಿಕ ಆವರ್ತನದ ವಿದ್ಯುತ್ತಿನ ಶಾಖದಿಂದ ಬುಡವನ್ನು ಸುಡುವ ವಿಧಾನವನ್ನು ತೋರಿಸಿದರು. ಇದು ಕ್ಷಣಗಳ ಕೆಲಸ, ಆದರೆ ಸೊಟ್ಟ ಕೂದಲಿಗೆ ಸರಿಯಾಗಿ ತಾಗದು. ಎರಡನ್ನೂ ಬೆರೆಸಿದ ಯಂತ್ರಕ್ಕೆ 1948ರಲ್ಲಿ ಹಿಂಕೆಲ್ ಮತ್ತು ಸೇಂಟ್ ಪಿಯರ್ ಪೇಟೆಂಟ್ ಪಡೆದರು. ಇಂದಿಗೂ ಬಳಕೆಯಲ್ಲಿರುವುದು ಈ ಮೂರೇ.

ನಡುವೆ ಒಂದು ಘೋರ ಅಧ್ಯಾಯವಿದೆ. ರೋಂಟ್‌ಜೆನ್ ಎಕ್ಸ್-ಕಿರಣ ಕಂಡುಹಿಡಿದ ಮರುವರ್ಷವೇ, 1896ರಲ್ಲಿ, ವಿಯೆನ್ನಾದ ಲಿಯೋಪೋಲ್ಡ್ ಫ್ರಾಯಿಂಡ್ ಅದರಿಂದ ಒಂದು ಮಗುವಿನ ಕೂದಲನ್ನು ಉದುರಿಸಿದರು. ನೋವಿಲ್ಲ, ಸೂಜಿಯಿಲ್ಲ, ಬೇಗ ಮುಗಿಯುತ್ತದೆ. 1920ರ ದಶಕದಲ್ಲಿ ಅಮೆರಿಕದ ಸೌಂದರ್ಯ ಮಳಿಗೆಗಳಲ್ಲಿ ಸಾವಿರಾರು ಹೆಂಗಸರು ಎಕ್ಸ್-ಕಿರಣಕ್ಕೆ ಮುಖವೊಡ್ಡಿದರು. ಕೂದಲು ಹೋಯಿತು, ವರ್ಷಗಳ ಮೇಲೆ ಚರ್ಮ ಸುಕ್ಕಿ, ಹುಣ್ಣಾಗಿ, ಕೆಲವರಿಗೆ ಕ್ಯಾನ್ಸರ್ ಬಂತು. ಬೇಗ, ಸುಲಭ, ನೋವಿಲ್ಲ ಎಂಬ ಜಾಹೀರಾತು ಕಂಡಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ.

ಇಂದು ಅಂಥ ಮಾತು ಲೇಸರಿನದು. ಅದು ಎಕ್ಸ್-ಕಿರಣದಂತೆ ಅಪಾಯಕಾರಿಯಲ್ಲ, ಸ್ಪಷ್ಟವಾಗಿ ಹೇಳುತ್ತೇನೆ. 1983ರಲ್ಲಿ ಆ್ಯಂಡರ್ಸನ್ ಮತ್ತು ಪ್ಯಾರಿಶ್ ಅದರ ತತ್ತ್ವವನ್ನು ಮಂಡಿಸಿದರು. ಕೂದಲು ತೆಗೆಯುವ ಲೇಸರುಗಳು 1990ರ ದಶಕದ ನಡುವೆ ಬಂದವು. ಆದರೆ ಲೇಸರ್ ಹುಡುಕುವುದು ಕಪ್ಪು ಬಣ್ಣವನ್ನು. ನಮ್ಮ ಚರ್ಮದಲ್ಲಿಯೂ ಆ ಬಣ್ಣವಿರುವುದರಿಂದ ಎಚ್ಚರ ತಪ್ಪಿದರೆ ಸುಟ್ಟ ಕಲೆಯಾಗುತ್ತದೆ. ಅಪರೂಪಕ್ಕೆ, ತಾಗಿದ ಜಾಗದ ಅಂಚಿನಲ್ಲಿ ಕೂದಲು ಇನ್ನೂ ಹೆಚ್ಚುವುದುಂಟು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಲೇಸರಿಗೆ ಶಾಶ್ವತವಾಗಿ ಕಡಿಮೆ ಮಾಡುವ ವಿಧಾನವೆಂಬ ಮಾತನ್ನಷ್ಟೇ ಒಪ್ಪುತ್ತದೆ. ಶಾಶ್ವತವಾಗಿ ತೆಗೆಯುವುದೆಂಬ ಮಾತು ಸೂಜಿಗೆ ಮೀಸಲು. ಗಡ್ಡ ತೆಳುವಾಗಿಸುವವನಿಗೆ ಸೂಜಿಯ ಇನ್ನೊಂದು ಗುಣ ಮುಖ್ಯ. ಅದು ಒಂದೊಂದೇ ಕೂದಲನ್ನು ಮುಟ್ಟುತ್ತದೆ. ಇದು ಬೇಡ, ಅದು ಇರಲಿ ಎಂದು ಆರಿಸಬಹುದು, ಬೆಳೆಯಲ್ಲಿ ಸಸಿ ತೆಳುವು ಮಾಡಿದಂತೆ.

ಇನ್ನು ಲೆಕ್ಕ ಮಾಡೋಣ. ಕೆನ್ನೆ, ಕುತ್ತಿಗೆಗಳಿಂದ 5000 ಕೂದಲು ತೆಗೆಯಬೇಕೆಂದುಕೊಳ್ಳಿ. ಕೂದಲಿಗೆ ಒಂದು ನಿಮಿಷವೆಂದರೂ 83 ಗಂಟೆ ಮೀರಿತು. ವಾರಕ್ಕೆ ಎರಡು ಗಂಟೆಯಂತೆ ಕುಳಿತರೆ 42 ವಾರ. ಅಷ್ಟಕ್ಕೂ ಒಂದೇ ಸಲಕ್ಕೆ ಎಲ್ಲ ಬುಡಗಳೂ ಸಾಯುವುದಿಲ್ಲ, ಮಲಗಿದ್ದ ಕೂಪಗಳು ಆಮೇಲೆ ಎಚ್ಚರಗೊಳ್ಳುತ್ತವೆ. ಖಾನಾಪುರದಿಂದ ಬೆಳಗಾವಿಗೆ ಸುಮಾರು 25 ಕಿಲೋಮೀಟರ್ ಬಸ್ಸಿನಲ್ಲಿ ವರ್ಷಕ್ಕೂ ಮಿಕ್ಕಿ ಓಡಾಡುವ ತಾಳ್ಮೆ ಹುಡುಗನಿಗಿದೆಯೇ? ಕುತ್ತಿಗೆಯಷ್ಟಕ್ಕೇ ಸಾಕೆಂದರೆ ಮಾತು ಬೇರೆ. ಗುಳ್ಳೆಯ ಕಾಟಕ್ಕೆ ಬಹುಮಟ್ಟಿಗೆ ಅಷ್ಟೇ ಬೇಕಾಗುತ್ತದೆ. ಆದರೆ ಒಳಮುಖವಾಗಿ ಸುರುಳಿಯಾದ ಕೂದಲಿನ ಕೂಪವೂ ಸೊಟ್ಟಗಿರುವುದರಿಂದ ನೆಟ್ಟನೆಯ ಸೂಜಿ ಬುಡ ಮುಟ್ಟುವುದು ಅಲ್ಲಿ ಕಷ್ಟ. ಪಳಗಿದ ಕೈಯೇ ಬೇಕು.

ವಯಸ್ಸೂ ಗಮನಿಸತಕ್ಕದ್ದು. ಗಡ್ಡವು ಇಪ್ಪತ್ತರ ಹರೆಯದುದ್ದಕ್ಕೂ ದಟ್ಟವಾಗುತ್ತಲೇ ಹೋಗುತ್ತದೆ. ಹತ್ತೊಂಬತ್ತರಲ್ಲಿ ತೆಳುವಾಗಿಸಿದ ಕೆನ್ನೆಯಲ್ಲಿ ಇಪ್ಪತ್ತೈದಕ್ಕೆ ಹೊಸ ಕೂದಲು ಕಾಣಿಸಿಕೊಂಡರೆ ಅದು ಸೂಜಿಯ ಸೋಲಲ್ಲ. ಹಾಗೆಯೇ, ಸತ್ತ ಬುಡದಿಂದ ಕೂದಲು ಮರಳಿ ಬಾರದು. ಮೂವತ್ತರಲ್ಲಿ ತುಂಬುಗಡ್ಡ ಬೇಕೆನಿಸಿದರೆ ಸುಲಭದ ದಾರಿಯಿಲ್ಲ.

ಆದುದರಿಂದ ಮೊದಲು ಬೆಳಗಾವಿಯ ಚರ್ಮವೈದ್ಯರೊಬ್ಬರನ್ನು ಕಾಣಲಿ. ಗಾಯವಾದಲ್ಲಿ ಗಂಟುಗಲೆ ಏಳುವ ಸ್ವಭಾವ ಮನೆತನದಲ್ಲಿದ್ದರೆ ಅದನ್ನು ಮುಚ್ಚಿಡದೆ ಹೇಳಲಿ. ಮಾಡಿಸುವುದೇ ಆದರೆ ಗದ್ದದ ಕೆಳಗೆ ಮರೆಯಾದೆಡೆ ಹತ್ತಿಪ್ಪತ್ತು ಕೂದಲಿಗಷ್ಟೇ ಮಾಡಿಸಿ, ಮೂರು ತಿಂಗಳು ಕಾದು, ಕಲೆ ಉಳಿಯುವುದೋ ಇಲ್ಲವೋ ನೋಡಲಿ. ಪ್ರತಿಸಲವೂ ಹೊಸ ಸೂಜಿಯ ಪೊಟ್ಟಣವನ್ನು ತನ್ನೆದುರಿಗೇ ಒಡೆಯಬೇಕೆಂದು ಕೇಳಲು ಸಂಕೋಚಪಡಬಾರದು. ಅಲ್ಲಿಯವರೆಗೆ ಬ್ಲೇಡನ್ನು ಬದಿಗಿಟ್ಟು, ಕೂದಲನ್ನು ಕೊಂಚ ಉದ್ದ ಬಿಟ್ಟು ಟ್ರಿಮ್ಮರಿನಿಂದ ಕತ್ತರಿಸಿಕೊಳ್ಳಲಿ. ಬುಡಮಟ್ಟ ಹೆರೆಯದಿದ್ದರೆ ಒಳಮುಖವಾಗಿ ಬೆಳೆಯುವುದು ತಾನಾಗಿಯೇ ಕಡಿಮೆಯಾಗುತ್ತದೆ.