ಹೊಟ್ಟೆಯ ಆಳದ ಸ್ನಾಯುಗಳ ಮಾಪನ: ಸಾಧನಗಳ ವಿಶ್ವಾಸಾರ್ಹತೆಯ ಇತಿಹಾಸ

ಹೊಟ್ಟೆಯ ಗೋಡೆಯಲ್ಲಿ ಎಲ್ಲಕ್ಕಿಂತ ಒಳಗಿರುವ ಸ್ನಾಯು ಟ್ರಾನ್ಸ್‌ವರ್ಸಸ್ ಅಬ್ಡಾಮಿನಿಸ್. ಅದರ ದಪ್ಪ ಕೆಲವೇ ಮಿಲಿಮೀಟರ್. ಮೇಲೆ ಎರಡು ಪದರ ಓರೆ ಸ್ನಾಯುಗಳಿವೆ. ಚರ್ಮಕ್ಕೆ ಅಂಟಿಸಿದ ಎಲೆಕ್ಟ್ರೋಡ್ ಆ ನೆರೆಯ ಸ್ನಾಯುಗಳ ವಿದ್ಯುತ್ ಸಂಕೇತವನ್ನೂ ಬೆರೆಸಿಯೇ ಹಿಡಿಯುತ್ತದೆ.

1962ರಲ್ಲಿ ಬಸ್ಮಾಜಿಯನ್ ಮತ್ತು ಸ್ಟೆಕೊ ಸೂಜಿಯೊಳಗೆ ತೂರಿಸಿ ಸ್ನಾಯುವಿಗೆ ಇಳಿಸುವ ಸೂಕ್ಷ್ಮ ತಂತಿಯ ಎಲೆಕ್ಟ್ರೋಡನ್ನು ರೂಪಿಸಿದರು. ಸೂಜಿಯನ್ನು ಹೊರಗೆಳೆದರೂ ತಂತಿಯ ಬಾಗಿದ ತುದಿ ಒಳಗೇ ಉಳಿಯುತ್ತದೆ. ಇಂಥ ತಂತಿಗಳಿಂದಲೇ 1996ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಪಾಲ್ ಹಾಡ್ಜಸ್ ಮತ್ತು ಕ್ಯಾರೊಲಿನ್ ರಿಚರ್ಡ್‌ಸನ್ ಹೆಸರಾದ ಫಲಿತಾಂಶವೊಂದನ್ನು ಪ್ರಕಟಿಸಿದರು: ಕೈಯನ್ನು ಥಟ್ಟನೆ ಎತ್ತುವಾಗ ಬೆನ್ನುನೋವಿನವರಲ್ಲಿ ಈ ಸ್ನಾಯು ತಡವಾಗಿ ಎಚ್ಚೆತ್ತುಕೊಳ್ಳುತ್ತದೆ. ಫಿಸಿಯೋಥೆರಪಿಯ ದಿಕ್ಕನ್ನೇ ಇದು ಬದಲಿಸಿತು. ಆದರೆ ಚಿಕಿತ್ಸೆಗೆ ಬಂದ ಪ್ರತಿಯೊಬ್ಬರ ಹೊಟ್ಟೆಗೂ ಸೂಜಿ ಚುಚ್ಚಲಾಗದು.

ಅದೇ ದಶಕದಲ್ಲಿ ಗಾಳಿಚೀಲದ ಒತ್ತಡಮಾಪಕ ಬಳಕೆಗೆ ಬಂತು. ರೋಗಿ ಬೋರಲು ಮಲಗಬೇಕು. ಹೊಟ್ಟೆಯಡಿಯ ಚೀಲಕ್ಕೆ 70 ಮಿ.ಮೀ. ಪಾದರಸದಷ್ಟು ಗಾಳಿ ತುಂಬಿ, ಹೊಟ್ಟೆಯನ್ನು ಒಳಗೆಳೆದಾಗ ಮುಳ್ಳು ಎಷ್ಟು ಇಳಿಯಿತೆಂದು ನೋಡುತ್ತಾರೆ. ಅಗ್ಗ, ಸರಳ. ಆದರೆ ಸೊಂಟ ಕೊಂಚ ಅಲುಗಿದರೂ ಮುಳ್ಳು ಅಲುಗುತ್ತದೆ.

ಅಲ್ಟ್ರಾಸೌಂಡ್ ಆಸೆ ಹುಟ್ಟಿಸಿತು. 2006ರಲ್ಲಿ ಅಮೆರಿಕದ ಸ್ಯಾನ್ ಆಂಟೋನಿಯೊದಲ್ಲಿ ನಡೆದ ಗೋಷ್ಠಿಯಲ್ಲಿ ಪುನಶ್ಚೇತನ ಚಿಕಿತ್ಸೆಯಲ್ಲಿ ಅದರ ಬಳಕೆಗೆ ಒಂದು ಚೌಕಟ್ಟು ಸಿಕ್ಕಿತು. ನಂತರದ ಅಧ್ಯಯನಗಳಲ್ಲಿ ವಿಶ್ರಾಂತಿಯ ದಪ್ಪ ಮತ್ತೆ ಮತ್ತೆ ಅಳೆದರೂ ಬಹುಮಟ್ಟಿಗೆ ಒಂದೇ ಬಂತು. ಸಂಕೋಚನದಿಂದಾಗುವ ದಪ್ಪದ ಬದಲಾವಣೆ ಅಷ್ಟು ಸ್ಥಿರವಾಗಿರಲಿಲ್ಲ. ಕಾರಣ ಲೆಕ್ಕದಲ್ಲೇ ಇದೆ. 4 ಮಿ.ಮೀ. ಸ್ನಾಯು 6 ಮಿ.ಮೀ. ಆದರೆ ಹೆಚ್ಚಳ ಶೇ. 50. ಎರಡೂ ಅಳತೆಗಳಲ್ಲಿ ಅರ್ಧ ಮಿಲಿಮೀಟರ್ ಎಡವಿ 4.5 ಮತ್ತು 5.5 ಎಂದು ಬರೆದುಕೊಂಡರೆ ಅದು ಶೇ. 22ಕ್ಕೆ ಕುಸಿಯುತ್ತದೆ. ಚಿಕಿತ್ಸೆ ಫಲಿಸಿತೇ ಎಂದು ತೀರ್ಮಾನಿಸುವುದು ಈ ಬದಲಾವಣೆಯನ್ನೇ ನೋಡಿ ಎಂಬುದು ಗಂಭೀರ ವಿಷಯ. ಹಾಗಾಗಿ ಉಸಿರು ಬಿಟ್ಟ ಕೊನೆಯಲ್ಲಿ ಚಿತ್ರ ಹಿಡಿಯುವುದು, ಪ್ರೋಬನ್ನು ಒತ್ತದಿರುವುದು, ಹಲವು ಚಿತ್ರಗಳ ಸರಾಸರಿ ತೆಗೆಯುವುದು ರೂಢಿಗೆ ಬಂದವು. ಸಂಶೋಧಕರು ಮರುಅಳತೆಗಳ ಹೊಂದಾಣಿಕೆ ಸೂಚಿಸುವ, 1ರ ಸಮೀಪದ ಸಹಸಂಬಂಧ ಗುಣಾಂಕವೊಂದನ್ನೇ ತೋರಿಸಿ ತೃಪ್ತರಾಗುವುದು ಸರಿಯಲ್ಲ. ತಪ್ಪು ಎಷ್ಟು ಮಿಲಿಮೀಟರ್ ಎಂಬುದನ್ನೂ ಹೇಳಬೇಕು.

ಪದೇ ಪದೇ ಒಂದೇ ಸಂಖ್ಯೆ ಬಂದರೂ ಅದು ಸ್ನಾಯುವಿನ ಚಟುವಟಿಕೆಯೇ ಆಗಬೇಕಿಲ್ಲ. ಹಾಡ್ಜಸ್ ಮತ್ತು ಸಂಗಡಿಗರು 2003ರಲ್ಲಿ ತಂತಿ ಮತ್ತು ಅಲ್ಟ್ರಾಸೌಂಡ್‌ಗಳನ್ನು ಒಟ್ಟಿಗೆ ಬಳಸಿ ನೋಡಿದಾಗ, ದುರ್ಬಲ ಸಂಕೋಚನದಲ್ಲಷ್ಟೇ ದಪ್ಪವು ವಿದ್ಯುತ್ ಸಂಕೇತದೊಂದಿಗೆ ಹೆಜ್ಜೆ ಹಾಕಿತ್ತು. ಬಲ ಹೆಚ್ಚಿದಂತೆ ದಪ್ಪ ಹೆಚ್ಚುಕಡಿಮೆ ನಿಂತೇ ಬಿಟ್ಟಿತು.