ಹರಿದ ಕಾಮಿಕ್ಸಿಗೆ ಟೇಪು ಹಚ್ಚುವ ಮುನ್ನ

ಹೋದ ಬೇಸಿಗೆಯಲ್ಲಿ ಅಮ್ಮನ ತವರುಮನೆಗೆ ಸುಣ್ಣ ಹೊಡೆಸಲು ಅಟ್ಟ ಖಾಲಿ ಮಾಡಿದೆವು. ತೀರಿಕೊಂಡ ಮಾವನ ತಗಡಿನ ಟ್ರಂಕು ಆಗ ಕೆಳಗಿಳಿಯಿತು. ಹಳೆಯ ಪಹಣಿ, ಕಂದಾಯದ ರಸೀದಿಗಳ ಅಡಿಯಲ್ಲಿ ಒಂದು ಕಾಮಿಕ್ಸ್ ಇತ್ತು. ಕನ್ನಡದ ಅಮರ ಚಿತ್ರ ಕಥೆ, ಕೃಷ್ಣನ ಕಥೆ.

ಅದರ ಸ್ಥಿತಿ ಹೇಳುತ್ತೇನೆ. ಮುಖಪುಟ ಬಿಟ್ಟುಕೊಂಡಿದೆ, ಮೇಲಿನ ಒಂದು ಮೂಲೆಯೇ ಇಲ್ಲ. ಪಿನ್ನು ತುಕ್ಕು ಹಿಡಿದು ಸುತ್ತಲೂ ಕಂದು ಕಲೆಯಾಗಿದೆ. ನಡುವಿನ ಹಾಳೆ ಅರ್ಧ ಹರಿದಿದೆ, ಅದಕ್ಕೆ ಯಾರೋ ನ್ಯೂಸ್‌ಪೇಪರಿನ ಪಟ್ಟಿ ಅಂಟಿಸಿದ್ದಾರೆ. ಹಿಂದಿನ ರಟ್ಟಿನ ಒಳಬದಿಯಲ್ಲಿ ಮಾವನ ಅಕ್ಷರದಲ್ಲಿ ಹುಡುಗರ ಹೆಸರಿನ ಪಟ್ಟಿ. ಒಂದೊಂದು ಹೆಸರಿನ ಮುಂದೆಯೂ "5 ಪೈ". ಮಾವ ಹುಡುಗನಾಗಿದ್ದಾಗ ದಿನಕ್ಕೆ 5 ಪೈಸೆಗೆ ಕಾಮಿಕ್ಸ್ ಬಾಡಿಗೆಗೆ ಕೊಡುತ್ತಿದ್ದರಂತೆ.

"ಮಗುವಿಗೆ ಕೊಡೋಣ ಕಣೇ. ಟೇಪು ಹಚ್ಚಿ ಬೈಂಡ್ ಮಾಡಿಸಿದರೆ ಇನ್ನೂ ಇಪ್ಪತ್ತು ವರ್ಷ ಬರುತ್ತೆ" ಎಂದರು ಅಮ್ಮ. ತಮ್ಮ ಆಗಲೇ ಟೇಪು ಕೈಗೆತ್ತಿಕೊಂಡಿದ್ದ. "ಒಂದೆರಡು ದಿನ ತಡಿ" ಎಂದೆ. ಯಾಕೆ ಹಾಗೆಂದೆ ಎನ್ನುವುದಕ್ಕೇ ಈ ಬರಹ.

ಅಮರ ಚಿತ್ರ ಕಥೆ ಎಂದ ಕೂಡಲೇ ನೆನಪಾಗುವ ಹೆಸರು ಅನಂತ ಪೈ. 1929ರಲ್ಲಿ ನಮ್ಮ ಕಾರ್ಕಳದಲ್ಲಿ ಹುಟ್ಟಿದವರು. ಎಳವೆಯಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು ಮುಂಬೈ ಸೇರಿದರು. 1964ರಲ್ಲಿ ಶುರುವಾದ ಇಂದ್ರಜಾಲ ಕಾಮಿಕ್ಸಿನಲ್ಲಿ ಕೆಲಸ ಮಾಡಿದರು. 1967ರಲ್ಲಿ ದೆಹಲಿಯಲ್ಲಿ ಟಿವಿಯ ಒಂದು ರಸಪ್ರಶ್ನೆ ನೋಡಿದರಂತೆ. ಗ್ರೀಕ್ ದೇವತೆಗಳ ಬಗ್ಗೆ ಪಟಪಟನೆ ಹೇಳಿದ ಮಕ್ಕಳಿಗೆ ರಾಮನ ತಾಯಿಯ ಹೆಸರು ಬರಲಿಲ್ಲ. ಅದೇ ನೋವಿನಿಂದ ಅಮರ ಚಿತ್ರ ಕಥೆ ಹುಟ್ಟಿತು ಎನ್ನುವುದು ಎಲ್ಲರಿಗೂ ಗೊತ್ತಿರುವ ಕಥೆ.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಇಂಗ್ಲಿಷಿನಲ್ಲಿ ಮೊದಲು ಬಂದ 'ಕೃಷ್ಣ' ಪುಸ್ತಕದ ಸಂಖ್ಯೆ 1 ಅಲ್ಲ, 11. ಹಾಗಾದರೆ ಮೊದಲ ಹತ್ತು ಎಲ್ಲಿ?

ಅವು ಕನ್ನಡದಲ್ಲಿದ್ದವು. ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಬೆಂಗಳೂರಿನ ಜಿ.ಕೆ. ಅನಂತರಾಂ ಅವರು 1965ರಲ್ಲೇ ಕನ್ನಡದಲ್ಲಿ ಈ ಮಾಲೆ ಶುರುಮಾಡಿದ್ದರು. ಸಿಂಡ್ರೆಲಾ, ಅಲ್ಲಾವುದ್ದೀನನಂಥ ಹೊರದೇಶದ ಕಥೆಗಳ ಅನುವಾದಗಳವು. ಎಲ್ಲ ಶುರುವಾದದ್ದು ಬೆಂಗಳೂರಿನಲ್ಲಿ, ಕನ್ನಡದಲ್ಲಿ ಎಂದು ಅನಂತರಾಂ ಅವರೇ ಮುಂದೆ ಹೇಳಿಕೊಂಡರು. ಪೈ ಅವರ ದುಡಿಮೆ ಇದರಿಂದ ಚಿಕ್ಕದಾಗುವುದಿಲ್ಲ. ಕನ್ನಡದ ಪಾಲು ಮಾತ್ರ ಲೆಕ್ಕಕ್ಕೆ ಬರುತ್ತದೆ.

ಇದಕ್ಕೂ ಟೇಪಿಗೂ ಏನು ಸಂಬಂಧ ಅಂತೀರಾ? ಇಂಥ ಇತಿಹಾಸಕ್ಕೆ ಸಾಕ್ಷಿ ಸಿಗುವುದು ಕಥೆಯ ಪುಟಗಳಲ್ಲಲ್ಲ. ಮುಖಪುಟದ ಮೂಲೆಯ ಸಂಖ್ಯೆ, ಒಳರಟ್ಟಿನ ಪ್ರಕಾಶಕರ ವಿಳಾಸ, ಬೆಲೆ, ಬರಲಿರುವ ಪುಸ್ತಕಗಳ ಜಾಹೀರಾತು, ಇವುಗಳಲ್ಲಿ. ಬೈಂಡಿಂಗಿಗೆ ಕೊಟ್ಟರೆ ಮೊದಲು ಹೋಗುವುದೂ ಇವೇ. ಪುಸ್ತಕ ಸಮ ಕಾಣಲಿ ಎಂದು ಮೂರು ಬದಿ ಕತ್ತರಿಸುತ್ತಾರೆ. ಒಳರಟ್ಟಿಗೆ ಕಾಗದ ಮೆತ್ತುತ್ತಾರೆ. ನಮ್ಮ ಪುಸ್ತಕದಲ್ಲಾದರೆ ಮಾವನ "5 ಪೈ" ಲೆಕ್ಕ ಅಂಟಿನಡಿ ಹೋಗಿ ಕೂರುತ್ತಿತ್ತು.

ಇನ್ನು ಟೇಪಿನ ವಿಚಾರ. ಪಾರದರ್ಶಕ ಅಂಟುಟೇಪು ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದದ್ದು 1930ರಲ್ಲಿ. ಹಚ್ಚಿದ ದಿನ ಕನ್ನಡಿಯಂತೆ ಹೊಳೆಯುತ್ತದೆ. ವರ್ಷಗಳು ಕಳೆದಂತೆ ಅಂಟು ಕಾಗದದೊಳಗೆ ಇಳಿದು ಹಳದಿಯಾಗುತ್ತದೆ. ಕೊನೆಗೆ ಪ್ಲಾಸ್ಟಿಕ್ ಉದುರಿ ಬೀಳುತ್ತದೆ, ಕಲೆ ಮಾತ್ರ ಉಳಿಯುತ್ತದೆ. ಆ ಕಲೆ ನೀರಿಗೆ ಹೋಗುವುದಿಲ್ಲ. ಕಿತ್ತರೆ ಅಕ್ಷರವೂ ಜೊತೆಗೆ ಬರುತ್ತದೆ. ಹಳೆಯ ಕಾಮಿಕ್ಸಿನ ಕಾಗದವೂ ಅಗ್ಗದ್ದೇ. ಮರವನ್ನು ಹಾಗೆಯೇ ಅರೆದು ಮಾಡಿದ ಕಾಗದದಲ್ಲಿ ಲಿಗ್ನಿನ್ ಎಂಬ ಅಂಶ ಉಳಿದುಬಿಡುತ್ತದೆ. ಬಿಸಿಲು, ಗಾಳಿ ತಾಗಿ ಅದು ಹಳದಿಯಾಗಿ ಹಪ್ಪಳದಂತೆ ಮುರಿಯುತ್ತದೆ.

ಹಳೆಯ ಕಾಗದ ಉಳಿಸುವುದನ್ನೇ ಕಸುಬು ಮಾಡಿಕೊಂಡವರು ಟೇಪು ಮುಟ್ಟುವುದಿಲ್ಲ. ಗೋಧಿಯಿಂದ ತೆಗೆದ ಪಿಷ್ಟದ ತೆಳು ಗಂಜಿ, ನೊಣದ ರೆಕ್ಕೆಯಷ್ಟು ತೆಳ್ಳಗಿನ ಜಪಾನಿ ಕಾಗದ, ಇವೆರಡೇ ಅವರ ಮುಖ್ಯ ಸಾಮಾನು. ನಾಳೆ ಬೇಡ ಎನಿಸಿದರೆ ಒದ್ದೆ ಮಾಡಿ ಬಿಡಿಸಬಹುದು. ಮತ್ತೆ ಬಿಚ್ಚಲು ಬಾರದ ರಿಪೇರಿಗೆ ಕೈ ಹಾಕಬಾರದು ಎನ್ನುವುದು ಆ ಕಸುಬಿನ ದೊಡ್ಡ ನಿಯಮ.

ಇದೇ ಪಾಠವನ್ನು ದುಡ್ಡಿನ ಲೆಕ್ಕದಲ್ಲಿ ಕಲಿತವರು ಅಮೆರಿಕದವರು. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡದ್ದು 1938ರ 'ಆ್ಯಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆಯಲ್ಲಿ. ಆಗಿನ ಬೆಲೆ 10 ಸೆಂಟ್. ಮಿನ್ನೆಸೋಟ ರಾಜ್ಯದ ಒಂದು ಪುಟ್ಟ ಊರಿನಲ್ಲಿ ಹಳೇ ಮನೆ ಕೊಂಡು ರಿಪೇರಿ ಮಾಡುತ್ತಿದ್ದ ಒಬ್ಬರಿಗೆ ಗೋಡೆಯೊಳಗೆ ತುರುಕಿದ್ದ ಪತ್ರಿಕೆಗಳ ನಡುವೆ ಅದರ ಒಂದು ಪ್ರತಿ ಸಿಕ್ಕಿತು. ಖುಷಿಯ ಗಲಾಟೆಯಲ್ಲಿ ನೆಂಟರೊಬ್ಬರು ಎಳೆದಾಡಿ ಹಿಂದಿನ ರಟ್ಟು ಹರಿಯಿತು. ಅಷ್ಟಕ್ಕೇ ಬೆಲೆ ಬಹಳ ಇಳಿಯಿತು ಎಂದರು. ಆದರೂ 2013ರಲ್ಲಿ ಅದು 1,75,000 ಡಾಲರಿಗೆ ಹರಾಜಾಯಿತು.

ಅಲ್ಲಿ ಕಾಮಿಕ್ಸಿನ ಗುಣಮಟ್ಟ ಅಳೆದು ಅಂಕ ಕೊಡುವ ಕಂಪನಿಗಳೇ ಇವೆ. ಬಣ್ಣ ತುಂಬಿದ, ಅಂಚು ಕತ್ತರಿಸಿದ ಪ್ರತಿಗೆ ಅಂಥ ಒಂದು ಕಂಪನಿ ನೇರಳೆ ಬಣ್ಣದ ಚೀಟಿ ಹಾಕುತ್ತದೆ. ಆ ಚೀಟಿ ಕಂಡರೆ ಕೊಳ್ಳುವವರು ಹಿಂದೆ ಸರಿಯುತ್ತಾರೆ. ಹರಿದದ್ದನ್ನು ಒಪ್ಪುವವರೂ ಹರಿದದ್ದನ್ನು ಮುಚ್ಚಿಟ್ಟರೆ ಒಪ್ಪುವುದಿಲ್ಲ.

ಹಾಗಂತ ಯಾವುದಕ್ಕೂ ಕೈ ಹಚ್ಚಲೇಬಾರದು ಅಂತಲ್ಲ. ಅಂಗಡಿಯಲ್ಲಿ ಈಗಲೂ ಸಿಗುವ ಪುಸ್ತಕ, ಶಾಲೆಯ ಮಕ್ಕಳು ದಿನಾ ಓದುವ ಪುಸ್ತಕ ಹರಿದರೆ ಧಾರಾಳವಾಗಿ ಟೇಪು ಹಚ್ಚಿ. ಓದುವುದೇ ಅದರ ಕೆಲಸ. ಪುಟ ತಿರುವಿದಷ್ಟೂ ಹರಿಯುತ್ತಿದ್ದರೆ, ಬೂಸ್ಟು ಹಿಡಿದಿದ್ದರೆ ಸುಮ್ಮನೆ ಕೂರುವುದೂ ತಪ್ಪು. ಕೇಳಿಕೊಳ್ಳಬೇಕಾದ್ದು ಎರಡೇ ಮಾತು: ಈ ಪ್ರತಿ ಹೋದರೆ ಇಂಥದ್ದೇ ಇನ್ನೊಂದು ಸಿಗುತ್ತದೆಯೇ? ನಾನು ಮಾಡುವುದನ್ನು ನಾಳೆ ಇನ್ನೊಬ್ಬರು ಬಿಚ್ಚಬಹುದೇ?

ಮಾವನ ಪುಸ್ತಕಕ್ಕೆ ಎರಡಕ್ಕೂ ಇಲ್ಲ ಎಂಬುದೇ ಉತ್ತರ. ಆ ಹೆಸರಿನ ಪಟ್ಟಿ ಇರುವ ಪ್ರತಿ ಇನ್ನೆಲ್ಲೂ ಇಲ್ಲ, ಟೇಪನ್ನು ಬಿಚ್ಚಲಾಗುವುದಿಲ್ಲ. ಇದನ್ನೆಲ್ಲ ಅಮ್ಮನಿಗೆ ಹೇಳುತ್ತಾ, ನಡುಪುಟದ ನ್ಯೂಸ್‌ಪೇಪರ್ ಪಟ್ಟಿಯನ್ನಾದರೂ ಕಿತ್ತು ಸರಿ ಮಾಡಬಹುದೇನೋ ಎಂದೆ. ಅಮ್ಮ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

"ಅದು ನಾನೇ ಹಚ್ಚಿದ್ದು ಕಣೇ. ಹರಿದಿದ್ದೂ ನಾನೇ. ಅಣ್ಣ ಬೈತಾನೆ ಅಂತ ಅನ್ನದ ಅಗುಳು ಅರೆದು ಅಂಟಿಸಿದ್ದೆ. ಅವನಿಗೆ ಗೊತ್ತಾಗಿತ್ತು. ಏನೂ ಅನ್ನಲಿಲ್ಲ."

ಪಟ್ಟಿ ಹಾಗೆಯೇ ಇದೆ. ಮೊದಲು ಎಲ್ಲ ಪುಟಗಳ ಫೋಟೊ ತೆಗೆದೆವು, ಒಳರಟ್ಟು, ಹಿಂಬದಿಯೂ ಸೇರಿ. ಪಿನ್ನನ್ನು ಎಳೆಯದೆ, ಅದರ ಕಾಲುಗಳನ್ನು ನೇರ ಮಾಡಿ ಮೆಲ್ಲಗೆ ಬಿಡಿಸಿದೆವು. ತುಕ್ಕು ಇನ್ನು ಹರಡುವುದಿಲ್ಲ. ಬಿಟ್ಟುಕೊಂಡ ಮುಖಪುಟವನ್ನು ಅಂಟಿಸದೆ, ಬಿಳಿ ಹಾಳೆಯಲ್ಲಿ ಎಲ್ಲವನ್ನೂ ಸುತ್ತಿ, ಅಟ್ಟದ ಸೆಕೆಗೆ ಬದಲು ಒಳಕೋಣೆಯ ಬೀರುವಿನಲ್ಲಿ ಮಲಗಿಸಿ ಇಟ್ಟಿದ್ದೇವೆ. ಮಗುವಿಗೆ ಹೊಸ ಕಥೆಪುಸ್ತಕ ತಂದಿದ್ದೇವೆ. ಹಳೆಯದನ್ನು ನೋಡಬೇಕೆಂದರೆ ಕೈ ತೊಳೆದು ಬಂದು ಅಜ್ಜಿಯ ಪಕ್ಕ ಕೂರಬೇಕು, ಪುಟ ತಿರುಗಿಸುವುದು ಅಜ್ಜಿ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದೊಂದು ಇರಬಹುದು. ಗುಜರಿಯವನಿಗೆ ಹಾಕುವ ಮುನ್ನ, ಟೇಪು ಹಚ್ಚುವ ಮುನ್ನ, ಹಿಂದಿನ ರಟ್ಟನ್ನೊಮ್ಮೆ ತಿರುವಿ ನೋಡಿ. ಒಂದು ಫೋಟೊ ತೆಗೆದಿಡಿ.