ಎರಡನೇ ಅಪೀಲಿನ ಎಲ್ಲೆ: ಹಾನಗಲ್ಲ ಸೀಮೆಯ ಜಮೀನು ವ್ಯಾಜ್ಯಗಳು ಮತ್ತು ಕಲಂ 100

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಜಮೀನು ದಾವೆಗಳಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆಗಳು ಪರಿಚಿತವಾದವು: ಅಣ್ಣತಮ್ಮಂದಿರ ನಡುವೆ ವಾಟ್ನಿ (ಆಸ್ತಿ ವಿಭಾಗ) ಆಗಿತ್ತೇ? ಬದು ಒತ್ತುವರಿಯಾಗಿದೆಯೇ? ಇವು ವಾಸ್ತವಾಂಶದ ಪ್ರಶ್ನೆಗಳು. ಇವುಗಳಿಗೆ ಕಡೆಯ ಉತ್ತರ ಕೊಡುವುದು ಹೈಕೋರ್ಟಿನ ಧಾರವಾಡ ಪೀಠವಲ್ಲ, ಜಿಲ್ಲೆಯೊಳಗಿನ ಮೊದಲ ಅಪೀಲು ನ್ಯಾಯಾಲಯ. ಈ ಸಂಗತಿಗೆ ಸಿಗಬೇಕಾದ ಗಮನ ಸಿಕ್ಕಿಲ್ಲವೆಂಬುದೇ ಈ ಲೇಖನದ ವಾದ.

ಕೆಳಗಿನ ನ್ಯಾಯಾಲಯ ವಾಸ್ತವಾಂಶದಲ್ಲಿ ಎಷ್ಟೇ ತಪ್ಪಿದ್ದರೂ ಎರಡನೇ ಅಪೀಲಿಗೆ ಅದು ಆಧಾರವಾಗದು ಎಂದು ಪ್ರೀವಿ ಕೌನ್ಸಿಲ್ 1890ರಲ್ಲೇ ದುರ್ಗಾ ಚೌಧರಾಣಿ ಪ್ರಕರಣದಲ್ಲಿ ಹೇಳಿತ್ತು. ಆದರೂ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಹೈಕೋರ್ಟಿಗೆ ಎರಡನೇ ಅಪೀಲಿನ ಅವಕಾಶ ಕೊಡುವ ಕಲಂ 100ರ ಬಾಗಿಲು ಆಚರಣೆಯಲ್ಲಿ ಅಗಲವಾಗುತ್ತಲೇ ಹೋಯಿತು. ಕಾನೂನು ಆಯೋಗದ 54ನೇ ವರದಿಯ ನಂತರ 1976ರಲ್ಲಿ ಬಂದ ತಿದ್ದುಪಡಿ 1977ರ ಫೆಬ್ರುವರಿ 1ರಿಂದ ಜಾರಿಯಾಯಿತು. ಅಲ್ಲಿಂದೀಚೆಗೆ 'ಸಾರಭೂತ ಕಾನೂನು ಪ್ರಶ್ನೆ' ಇದ್ದರಷ್ಟೇ ಹೈಕೋರ್ಟಿಗೆ ಅಧಿಕಾರ. ಆ ಪ್ರಶ್ನೆಯನ್ನು ಹೈಕೋರ್ಟೇ ರೂಪಿಸಬೇಕು. ಪ್ರಶ್ನೆಯ ಬೇರು ದಾವೆಯ ಅರ್ಜಿ-ಕೈಫಿಯತ್ತುಗಳಲ್ಲೇ ಇರಬೇಕೆಂದು ಸಂತೋಷ ಹಜಾರಿ ತೀರ್ಪು (2001) ಸ್ಪಷ್ಟಪಡಿಸಿತು.

ಒಂದು ಕಲ್ಪಿತ ಉದಾಹರಣೆ ನೋಡೋಣ. ತಂದೆ ತೀರಿಕೊಂಡ ಮೇಲೆ ಉತಾರದಲ್ಲಿ (ಪಹಣಿಯಲ್ಲಿ) ಹಿರಿಯ ಮಗನ ಹೆಸರು ಮಾತ್ರ ಏರಿದೆ. ತಮ್ಮ ಪಾಲು ಕೇಳುತ್ತಾನೆ. ಬಾಯಿಮಾತಿನ ವಾಟ್ನಿ ಎಂದೋ ಆಗಿದೆ ಎನ್ನುತ್ತಾನೆ ಅಣ್ಣ. ಸಾಕ್ಷಿಗಳನ್ನು ನಂಬಿ ಮೊದಲ ಅಪೀಲು ನ್ಯಾಯಾಲಯ ಅಣ್ಣನ ಮಾತು ಒಪ್ಪಿದರೆ, ಹೈಕೋರ್ಟು ಆ ಸಾಕ್ಷ್ಯವನ್ನು ಮತ್ತೆ ತೂಗುವಂತಿಲ್ಲ. ಆದರೆ ಉತಾರದಲ್ಲಿ ಹೆಸರಿದೆ, ಆದ್ದರಿಂದ ಅಣ್ಣನೇ ಒಡೆಯ ಎಂದು ತೀರ್ಮಾನಿಸಿದರೆ ವಿಷಯ ಬೇರೆ. ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ ಕಲಂ 133 ಇಂಥ ನಮೂದಿಗೆ ಕೊಡುವುದು ಅಲ್ಲಗಳೆಯಬಹುದಾದ ಪೂರ್ವಭಾವನೆ ಮಾತ್ರ, ಹಕ್ಕನ್ನಲ್ಲ. ಇತ್ಯರ್ಥವಾದ ಕಾನೂನನ್ನೇ ಕಡೆಗಣಿಸುವುದೂ ಸಾರಭೂತ ಪ್ರಶ್ನೆಗೆ ಎಡೆಮಾಡುತ್ತದೆ. ಇದನ್ನು ವಕೀಲರು ಎಷ್ಟು ಸಲ ನೆನಪಿಸಿದರೂ ಕಡಿಮೆಯೇ. ವತನ ಜಮೀನುಗಳಲ್ಲಂತೂ ಕಾನೂನು ಪ್ರಶ್ನೆ ನಿಜಕ್ಕೂ ತೊಡಕಿನದು. ನೆರೆಯ ಕುಂದಗೋಳದ ದೇಶಗತಿ ವತನದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಗಿ 1982ರಲ್ಲಿ ತೀರ್ಮಾನವಾಯಿತು.

ಎರಡನೇ ಅಪೀಲಿನಲ್ಲಿ ವಾಸ್ತವಾಂಶವನ್ನು ಹೈಕೋರ್ಟೇ ನಿರ್ಣಯಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 103 ತೆರೆದಿಟ್ಟಿರುವುದು ಕಿರುಗಿಂಡಿಯಷ್ಟೇ. 25,000 ರೂಪಾಯಿ ಮೀರದ ಹಣ ವಸೂಲಿಯ ದಾವೆಗಳಿಗೆ ಕಲಂ 102ರಂತೆ ಎರಡನೇ ಅಪೀಲೇ ಇಲ್ಲ.

1956ಕ್ಕೂ ಮುನ್ನ ಈ ಸೀಮೆಯ ಕಕ್ಷಿದಾರ ಮುಂಬಯಿ ಹೈಕೋರ್ಟಿಗೆ ಹೋಗಬೇಕಿತ್ತು, ಆಮೇಲೆ ಬೆಂಗಳೂರಿಗೆ. 2008ರಲ್ಲಿ ಧಾರವಾಡದಲ್ಲಿ ಸಂಚಾರಿ ಪೀಠ ಶುರುವಾಗಿ 2013ರಲ್ಲಿ ಕಾಯಂ ಆದ ಮೇಲೆ ದಾರಿ ಹತ್ತಿರವಾಯಿತು, ಅಧಿಕಾರದ ಎಲ್ಲೆ ಮಾತ್ರ ಕದಲಲಿಲ್ಲ. ಹಾಗಾಗಿ ಸಂಹಿತೆಯ ಆದೇಶ 41, ನಿಯಮ 31 ಕೇಳುವಂತೆ ನಿರ್ಣಯದ ಅಂಶಗಳನ್ನೂ ಕಾರಣಗಳನ್ನೂ ಬರೆಯದೆ 'ಕೆಳ ನ್ಯಾಯಾಲಯದ ಅಭಿಪ್ರಾಯ ಸರಿಯಿದೆ' ಎಂದು ಮುಗಿಸುವ ಮೊದಲ ಅಪೀಲಿನ ತೀರ್ಪು ಕಕ್ಷಿದಾರನಿಗೆ ಮಾಡುವ ಅನ್ಯಾಯ ದೊಡ್ಡದು. ತಡವಾಗಿ ಕೈಸೇರಿದ ಮೋಜಣಿ ನಕಾಶೆಯನ್ನು ಹಾಜರುಪಡಿಸಬೇಕಿದ್ದರೆ ನಿಯಮ 27ರ ಅರ್ಜಿ ಬೀಳಬೇಕಾದದ್ದೂ ಅದೇ ಹಂತದಲ್ಲಿ. ಆ ಅರ್ಜಿಯನ್ನು ತೀರ್ಮಾನಿಸದೆ ಅಪೀಲು ಮುಗಿಸಿದ್ದರೆ, ಧಾರವಾಡದಲ್ಲಿ ಎತ್ತಬಹುದಾದ ಕಾನೂನು ಪ್ರಶ್ನೆ ಅಲ್ಲೇ ಇದೆ.